ಕೊರೆಯದ ಗುಡ್ಡಕ್ಕೆ ಬೆಲೆ ಕಟ್ಟಬೇಡಿ

ಮೊನ್ನೆ ಹದಡಿಯಲ್ಲಿ ಸಭೆ ಮುಗಿಸಿ ದಾವಣಗೆರೆಯ ಬಸ್ಸಿಗಾಗಿ ನಾವು ಕಾದು ನಿಂತಿದ್ದಾಗ ಹಿರಿಯರೊಬ್ಬರು ಹತ್ತಿರ ಬಂದು, ಟವೆಲಿನ ಗಂಟು ಬಿಚ್ಚಿ ಒಂದು ಕಲ್ಲನ್ನು ನಮ್ಮ ಅಂಗೈಯಲ್ಲಿಟ್ಟರು. ಮುಷ್ಟಿಗಾತ್ರದ ಕಲ್ಲು. ಒಂದು ಮಗ್ಗುಲಿಗೆ ತುಕ್ಕಿನ ಬಣ್ಣ, ಇನ್ನೊಂದು ಮಗ್ಗುಲಿಗೆ ಪಾಚಿಯಂಥ ಹಸಿರು.

“ಮೇಷ್ಟ್ರೇ, ನೀವು ಹುಡುಗರಿಗೆ ಪಾಠ ಹೇಳಿದವರು. ಇದು ತಾಮ್ರ ಹೌದೋ ಅಲ್ಲವೋ ಹೇಳ್ರಿ,” ಎಂದರು.

ಶಾಲೆ ಬಿಟ್ಟು ಪಕ್ಷದ ಕೆಲಸಕ್ಕೆ ಬಂದು ವರ್ಷಗಳಾದರೂ ನಮ್ಮನ್ನು ಜನ ಇಂದಿಗೂ ಮೇಷ್ಟ್ರೆಂದೇ ಕರೆಯುತ್ತಾರೆ. ಕೇಳಿದಾಗ ತಿಳಿದ ಸಂಗತಿ ಇದು. ಅವರ ಬೀಗರಿಗೆ ಚಿತ್ರದುರ್ಗದ ಗುಡ್ಡಗಳ ಅಂಚಿನಲ್ಲಿ ನಾಲ್ಕು ಎಕರೆ ಖುಷ್ಕಿ ಜಮೀನಿದೆ. ಕಾರಿನಲ್ಲಿ ಬಂದ ಒಬ್ಬ ಮಧ್ಯವರ್ತಿ ಆ ಜಮೀನಿನಲ್ಲಿ ಓಡಾಡಿ, ಹಸಿರು ಕಲ್ಲುಗಳನ್ನು ಆಯ್ದು, ಕೆಳಗೆ ಕೋಟಿಗಟ್ಟಲೆ ರೂಪಾಯಿನ ತಾಮ್ರವಿದೆಯೆಂದು ಹೇಳಿದ್ದಾನೆ. ಹತ್ತು ಜನ ಸೇರಿ ಹಣ ಹಾಕಿದರೆ ಜಮೀನನ್ನು ಈಗಲೇ ಕೊಂಡಿಟ್ಟುಕೊಂಡು, ನಾಳೆ ದೊಡ್ಡ ಕಂಪನಿಗೆ ಮಾರಬಹುದೆಂದು ಆಸೆ ಹುಟ್ಟಿಸಿದ್ದಾನೆ. ಹಿರಿಯರು ಅಡಿಕೆ ಮಾರಿದ ಹಣವನ್ನು ಅದಕ್ಕೆ ಹಾಕುವುದೋ ಬೇಡವೋ ಎಂಬ ಚಿಂತೆಯಲ್ಲಿದ್ದರು. ನಮ್ಮ ಪೇಟೆಯ ಕೆಲವು ಅಂಗಡಿಕಾರರ ಮುಂದೆಯೂ ಇದೇ ಮಾತು ಬಂದಿದೆಯಂತೆ.

ಕಲ್ಲು ನೋಡಿ ನಾವು ಉತ್ತರ ಹೇಳಲಿಲ್ಲ. ಹೇಳುವ ಯೋಗ್ಯತೆಯೂ ನಮಗಿಲ್ಲ. ಆದರೆ ಈ ಪ್ರಶ್ನೆ ಒಬ್ಬರದಲ್ಲ, ಬಹು ಜನರದು. ಆದುದರಿಂದ ಪತ್ರಿಕೆಯಲ್ಲಿಯೇ ಬರೆಯುತ್ತೇವೆಂದು ಅವರಿಗೆ ಮಾತು ಕೊಟ್ಟೆವು. ಆ ಮಾತನ್ನು ಈ ವಾರ ಸಲ್ಲಿಸುತ್ತಿದ್ದೇವೆ.

ಗುಡ್ಡದಲ್ಲಿ ತಾಮ್ರವಿದೆಯೆಂಬುದು ಸುಳ್ಳಲ್ಲ

ಮೊದಲಿಗೆ ನಿಜವನ್ನು ನಿಜವೆಂದೇ ಹೇಳೋಣ. ಚಿತ್ರದುರ್ಗದ ಸೀಮೆಯಲ್ಲಿ ತಾಮ್ರವಿರುವುದು ಕಟ್ಟುಕತೆಯಲ್ಲ. ಉತ್ತರದಲ್ಲಿ ಗದಗದ ಕಡೆಯಿಂದ ದಕ್ಷಿಣದಲ್ಲಿ ಶ್ರೀರಂಗಪಟ್ಟಣದ ಕಡೆಯವರೆಗೆ ಹಳೆಯ ಶಿಲೆಗಳ ಒಂದು ಕಿರಿದಾದ ಪಟ್ಟಿ ನಮ್ಮ ನಾಡಿನ ನಡುವೆ ಹಾದುಹೋಗಿದೆ. ಭೂವಿಜ್ಞಾನಿಗಳು ಇದನ್ನು ಚಿತ್ರದುರ್ಗದ ಶಿಸ್ಟ್ ಪಟ್ಟಿ ಎನ್ನುತ್ತಾರೆ. ಇದರ ವಯಸ್ಸು ಎರಡೂವರೆ ನೂರು ಕೋಟಿ ವರ್ಷಗಳಿಗೂ ಮಿಗಿಲು. ಈಗ ಮಳೆಗಾಗಿ ಆಕಾಶ ನೋಡುವ ಈ ಬಯಲುಸೀಮೆಯಲ್ಲಿ ಆಗ ಕಡಲಿತ್ತು. ಕಡಲಿನ ತಳದಲ್ಲಿ ಬೆಂಕಿಯ ಬಂಡೆ ಉಕ್ಕಿ ಹರಿದು ನೀರಿನಲ್ಲಿಯೇ ಗಟ್ಟಿಯಾಯಿತು. ಅದರ ಗುರುತಾಗಿ ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಶಿಲೆಗಳಿವೆ. ಅವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿವೆ. ಇಂಥ ಶಿಲೆಗಳ ನಡುವೆ ಬಿಸಿ ನೀರಿನ ಜೊತೆ ಏರಿಬಂದ ತಾಮ್ರ, ಸೀಸ, ಸತುಗಳು ಗಂಧಕದೊಡನೆ ಕೂಡಿ ನೆಲೆಸುವುದು ಲೋಕದ ಹಲವು ದೇಶಗಳಲ್ಲಿ ಕಂಡುಬಂದಿರುವ ಸಂಗತಿ.

ಚಿತ್ರದುರ್ಗದ ಹತ್ತಿರದ ಇಂಗಳದಾಳ್‌ನಲ್ಲಿ ಹಿಂದಿನವರು ತೋಡಿದ ಹಳೆಯ ಕುಳಿಗಳಿದ್ದವು. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿತು. ಬ್ರೂಸ್ ಫೂಟ್ ಎಂಬವರು ಅದರ ಮೊದಲ ಮುಖ್ಯಸ್ಥರಾಗಿದ್ದರು. ಅಂದಿನಿಂದ ನಮ್ಮ ಗುಡ್ಡಗಳ ಕಲ್ಲುಗಳನ್ನು ಕ್ರಮವಾಗಿ ನೋಡಿ ಬರೆದಿಡುವ ಕೆಲಸ ನಡೆದಿದೆ. 1965ರಿಂದ 1974ರವರೆಗೆ ಡಾ. ಬಿ. ಪಿ. ರಾಧಾಕೃಷ್ಣ ಅವರು ಇಲಾಖೆಯನ್ನು ನಡೆಸಿದ ಕಾಲದಲ್ಲಿ ರಾಜ್ಯದ ಖನಿಜಗಳನ್ನು ರಾಜ್ಯವೇ ಹುಡುಕಿ ತೆಗೆಯಬೇಕೆಂಬ ಹುರುಪು ಇತ್ತು. ಇಂಗಳದಾಳ್‌ನಲ್ಲಿ ಸರ್ಕಾರದ ಕಂಪನಿಯೇ ನೆಲದೊಳಗೆ ಸುರಂಗ ಹೊಡೆದು ತಾಮ್ರದ ಅದಿರು ತೆಗೆಯಿತು; ಮುಂದೆ ಆ ಗಣಿ ಹಟ್ಟಿ ಚಿನ್ನದ ಗಣಿ ಕಂಪನಿಯ ಕೈಗೆ ಬಂತು. ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯಲ್ಲಿಯೂ ತಾಮ್ರದ ಗಣಿ ನಡೆಯಿತು. ಎರಡೂ ಕಡೆ ಅದಿರಿತ್ತು, ದುಡಿಯುವ ಕೈಗಳಿದ್ದವು. ಆದರೂ ಎರಡೂ ಗಣಿಗಳು ಮುಚ್ಚಿದವು. ಅದಿರಿನಲ್ಲಿ ತಾಮ್ರದ ಅಂಶ ಸಾಧಾರಣದ್ದು. ತೆಗೆಯುವ ಖರ್ಚು ಏರುತ್ತಿತ್ತು. ಲೋಹದ ಬೆಲೆ ಕಟ್ಟುವುದು ಇಂಗಳದಾಳ್‌ನಲ್ಲಲ್ಲ, ಲಂಡನ್ನಿನ ಲೋಹದ ಪೇಟೆಯಲ್ಲಿ.

ಈ ಪೂರ್ವೋತ್ತರ ಗೊತ್ತಿರುವವರಿಗೆ ಎರಡು ಮಾತು ಸ್ಪಷ್ಟವಾಗಿರುತ್ತದೆ. ತಾಮ್ರವಿದೆ ಎಂಬುದು ಬೇರೆ. ಗಣಿಯಾಗುವಷ್ಟು ತಾಮ್ರವಿದೆ ಎಂಬುದು ಬೇರೆ. ಮಧ್ಯವರ್ತಿಯ ವ್ಯಾಪಾರವೆಲ್ಲ ಈ ಎರಡನ್ನೂ ಒಂದೇ ಎಂದು ತೋರಿಸುವುದರಲ್ಲಿದೆ.

ಚೀಲದ ಬಾಯಿ, ಚೀಲದ ತಳ

ನಮ್ಮ ಮಾರುಕಟ್ಟೆಯ ವರ್ತಕರಿಗೆ ಈ ಪಾಠವನ್ನು ಯಾರೂ ಹೇಳಬೇಕಾಗಿಲ್ಲ. ಮೆಕ್ಕೆಜೋಳದ ಚೀಲ ಬಂದು ಬಿದ್ದರೆ ಬಾಯಲ್ಲಿರುವ ಕಾಳನ್ನಷ್ಟೇ ನೋಡಿ ಬೆಲೆ ಕಟ್ಟುವ ವ್ಯಾಪಾರಿ ಒಂದು ಸುಗ್ಗಿಯನ್ನೂ ಉಳಿಯಲಾರ. ಚೀಲದ ಹೊಟ್ಟೆಗೆ ಕೊಳವೆ ಚುಚ್ಚಿ, ನಡುವಿನ ಕಾಳು, ತಳದ ಕಾಳು ಹೊರತೆಗೆದು, ಅಂಗೈಯಲ್ಲಿ ಉಜ್ಜಿ, ಹಲ್ಲಿನಲ್ಲಿ ಕಡಿದು ನೋಡಿಯೇ ಬಾಯಿ ಬಿಡುತ್ತಾನೆ. ಅದೂ ಒಂದೇ ಚೀಲಕ್ಕಲ್ಲ, ರಾಶಿಯ ಹತ್ತು ಕಡೆ.

ಗುಡ್ಡವೂ ಒಂದು ಚೀಲವೇ. ಮೇಲಿನ ಹಸಿರು ಕಲ್ಲು ಚೀಲದ ಬಾಯಿಯ ಕಾಳು. ವಜ್ರದ ಹಲ್ಲಿನ ಕೊರೆಯುವ ಯಂತ್ರವೇ ಚುಚ್ಚುವ ಕೊಳವೆ. ನಮ್ಮ ತೋಟಗಳಲ್ಲಿ ಬೋರ್‌ವೆಲ್ ತೋಡುವ ಯಂತ್ರ ಕಲ್ಲನ್ನು ಪುಡಿ ಮಾಡಿ ಹೊರಗೆ ಊದುತ್ತದೆ. ಖನಿಜ ಶೋಧನೆಯ ಈ ಯಂತ್ರವಾದರೋ ಕಲ್ಲನ್ನು ಕಂಬಿಯಂತೆ ಇಡಿಯಾಗಿ ಕೊರೆದು ಮೇಲೆ ತರುತ್ತದೆ. ಆ ಕಲ್ಲಿನ ಕಂಬಿಯನ್ನು ಆಳದ ಗುರುತು ಹಾಕಿ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಉದ್ದಕ್ಕೆ ಸೀಳಿ, ಅರ್ಧವನ್ನು ಪ್ರಯೋಗಶಾಲೆಗೆ ಕಳಿಸಿ, ಇನ್ನರ್ಧವನ್ನು ಮುಂದಿನ ಪರಿಶೀಲನೆಗೆಂದು ಇಟ್ಟುಕೊಳ್ಳುತ್ತಾರೆ. ಇದಾಗುವವರೆಗೆ ಗುಡ್ಡದ ಹೊಟ್ಟೆಯಲ್ಲಿ ಏನಿದೆಯೆಂದು ದೇವರಿಗಲ್ಲದೆ ಬೇರೆಯವರಿಗೆ ಗೊತ್ತಿಲ್ಲ.

ಹಾಗೆಂದು ಮೇಲಿನ ಗುರುತುಗಳು ವ್ಯರ್ಥವೆಂದು ನಾವು ಹೇಳುತ್ತಿಲ್ಲ. ತಾಮ್ರದ ಮೂಲ ಅದಿರು ಹಸಿರಲ್ಲ, ಹಿತ್ತಾಳೆಯ ಬಣ್ಣದ್ದು. ಚಾಲ್ಕೋಪೈರೈಟ್ ಎಂದು ಅದರ ಹೆಸರು. ಅದರಲ್ಲಿ ತಾಮ್ರ, ಕಬ್ಬಿಣ, ಗಂಧಕ ಮೂರೂ ಇವೆ. ಮಳೆ ಗಾಳಿಗೆ ಸಿಕ್ಕಿದಾಗ ಗಂಧಕ ಕರಗಿ ಹೋಗುತ್ತದೆ. ಕಬ್ಬಿಣ ತುಕ್ಕಾಗಿ ಗುಡ್ಡದ ನೆತ್ತಿಯ ಮೇಲೆ ಕಂದು ಟೋಪಿಯಂತೆ ಕೂರುತ್ತದೆ. ತಾಮ್ರದ ಸ್ವಲ್ಪ ಭಾಗ ಮ್ಯಾಲಕೈಟ್ ಎಂಬ ಹಸಿರು ಖನಿಜವಾಗಿ ಬಿರುಕುಗಳಲ್ಲಿ ಅಂಟಿಕೊಳ್ಳುತ್ತದೆ. ಬಲ್ಲವರು ಈ ಕಂದು ಟೋಪಿಯನ್ನೂ ಹಸಿರು ಕಲೆಯನ್ನೂ ನೋಡಿಯೇ ಕೆಳಗೆ ಏನೋ ಇರಬಹುದೆಂದು ಊಹಿಸುತ್ತಾರೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಹಸಿರಾಗಿರುವುದೆಲ್ಲ ತಾಮ್ರವೂ ಅಲ್ಲ. ತಾಮ್ರದ ಸೋಂಕೇ ಇಲ್ಲದ ಹಸಿರು ಖನಿಜಗಳು ನಮ್ಮ ಶಿಸ್ಟ್ ಪಟ್ಟಿಯ ಕಲ್ಲುಗಳಲ್ಲಿ ಎಷ್ಟೋ ಇವೆ.

ಇನ್ನೂ ಒಂದು ಮೋಸವಿದೆ. ಇದು ಮನುಷ್ಯನ ಮೋಸವಲ್ಲ, ಪ್ರಕೃತಿಯದು. ಮೇಲಿನಿಂದ ಮಳೆನೀರಿನಲ್ಲಿ ಕರಗಿದ ತಾಮ್ರ ಕೆಳಕ್ಕಿಳಿದು ಅಂತರ್ಜಲದ ಮಟ್ಟದ ಆಸುಪಾಸಿನಲ್ಲಿ ಮತ್ತೆ ಗಟ್ಟಿಯಾಗಿ ಕೂಡುವುದುಂಟು. ಆ ಪದರದಲ್ಲಿ ಅದಿರು ಬಹಳ ಶ್ರೀಮಂತವಾಗಿರುತ್ತದೆ. ಅದರ ಕೆಳಗೆ ಹೋದರೆ ಮೂಲದ ಬಡ ಅದಿರು. ಮೇಲಿನ ಕುಳಿಯ ಒಂದು ಬುಟ್ಟಿ ಕಲ್ಲನ್ನು ಪರೀಕ್ಷೆ ಮಾಡಿಸಿ, ಇಡೀ ಗುಡ್ಡವೇ ಹೀಗಿದೆಯೆಂದು ಲೆಕ್ಕ ಹಾಕಿದವನು ಸುಳ್ಳುಗಾರನಲ್ಲದಿದ್ದರೂ ಸೋಲುವುದು ಖಂಡಿತ.

ಒಂದು ಸಣ್ಣ ಲೆಕ್ಕ

ಮೇಷ್ಟ್ರೆಂದು ಕರೆಸಿಕೊಂಡ ಮೇಲೆ ಒಂದು ಲೆಕ್ಕ ಮಾಡಿಸದೆ ಬಿಡುವುದು ಹೇಗೆ? ಇದು ಯಾವ ಗುಡ್ಡದ ಲೆಕ್ಕವೂ ಅಲ್ಲ, ಪಾಠಕ್ಕೆಂದು ಹಾಕಿದ್ದು.

ಹಸಿರು ಕಲೆ ಗುಡ್ಡದ ಮೇಲೆ 500 ಮೀಟರ್ ಉದ್ದಕ್ಕೆ ಕಾಣುತ್ತಿದೆಯೆನ್ನೋಣ. ಅಗಲ 3 ಮೀಟರ್. ಆಳ ಎಷ್ಟು? ಕೊರೆದಿಲ್ಲವಾದುದರಿಂದ ಗೊತ್ತಿಲ್ಲ, ಮಧ್ಯವರ್ತಿ 100 ಮೀಟರ್ ಎನ್ನುತ್ತಾನೆ. ಮೂರನ್ನೂ ಗುಣಿಸಿದರೆ 1,50,000 ಘನ ಮೀಟರ್. ಒಂದು ಘನ ಮೀಟರ್ ಕಲ್ಲು ಸುಮಾರು 3 ಟನ್ ತೂಗಿದರೆ ಒಟ್ಟು 4,50,000 ಟನ್. ಅದರಲ್ಲಿ ಶೇಕಡಾ 1ರಷ್ಟು ತಾಮ್ರವೆಂದರೆ 4,500 ಟನ್. ಇದನ್ನು ಇಂದಿನ ಬೆಲೆಯಿಂದ ಗುಣಿಸಿ ಬಾಯಲ್ಲಿ ನೀರೂರಿಸುವುದು ಬಹಳ ಸುಲಭ.

ಈಗ ಕೊರೆದು ನೋಡಿದಾಗ ಅಗಲ ಕೆಳಗೆ 1 ಮೀಟರಿಗೆ ಇಳಿದಿದೆ, ತಾಮ್ರದ ಅಂಶ ಶೇಕಡಾ ಅರ್ಧ ಮಾತ್ರ ಎಂದು ಗೊತ್ತಾಯಿತೆನ್ನಿ. ಉದ್ದ ಅದೇ, ಆಳ ಅದೇ. ಆಗ ಅದಿರು 1,50,000 ಟನ್. ತಾಮ್ರ 750 ಟನ್. ಮೊದಲ ಲೆಕ್ಕದ ಆರರಲ್ಲಿ ಒಂದು ಪಾಲು! ಅದೂ ಕಲ್ಲಿನೊಳಗೆ. ಅದನ್ನು ಅಗೆದು, ಅರೆದು, ತೊಳೆದು, ಕರಗಿಸುವಾಗ ಒಂದಿಷ್ಟು ಪೋಲಾಗುತ್ತದೆ. ಸುರಂಗ, ವಿದ್ಯುತ್ತು, ಪಂಪು, ಕೂಲಿ, ಸಾಗಣೆಗಳ ಖರ್ಚು ಕಳೆದರೆ ಉಳಿಯುವುದು ಲಾಭವೋ ಸಾಲವೋ ಹೇಳುವುದು ಕಷ್ಟ. ಕಾಗದದ ಮೇಲಿನ ಎರಡು ಅಂಕಿ ಬದಲಾದರೆ ಸಾಕು, ಗಣಿ ಹೋಗಿ ಗುಂಡಿಯಾಗುತ್ತದೆ. ಆ ಎರಡು ಅಂಕಿಗಳನ್ನು ಕೊರೆಯುವ ಯಂತ್ರವಲ್ಲದೆ ಬೇರಾರೂ ಕೊಡಲಾರರು. ಒಂದು ತೂತು ಕೊರೆದರೂ ಸಾಲದು; ಉದ್ದಕ್ಕೂ ಗೆರೆ ಹಾಕಿ, ಬೇರೆ ಬೇರೆ ಆಳಕ್ಕೆ ಹಲವು ತೂತು ಕೊರೆಯಬೇಕು.

ಕೊರೆಯುವ ಮುಂಚೆ ಮಾಡುವ ಕೆಲಸಗಳೂ ಇವೆ. ನಕ್ಷೆ ಬರೆಯುವುದು, ಹಳ್ಳದ ಮರಳನ್ನೂ ಹೊಲದ ಮಣ್ಣನ್ನೂ ಪರೀಕ್ಷಿಸುವುದು, ನೆಲಕ್ಕೆ ವಿದ್ಯುತ್ತು ಹರಿಸಿ ಅದಿರಿನ ಸುಳಿವು ನೋಡುವುದು, ಅಡ್ಡಗುಂಡಿ ತೋಡುವುದು. ಇವೆಲ್ಲ ಎಲ್ಲಿ ಕೊರೆಯಬೇಕೆಂದು ಹೇಳುತ್ತವೆ; ಕೊರೆದರೆ ಏನು ಸಿಗುತ್ತದೆಂದು ಹೇಳುವುದಿಲ್ಲ. ನೆಲದೊಳಗೆ ವಿದ್ಯುತ್ತಿಗೆ ಉತ್ತರ ಕೊಡುವುದು ತಾಮ್ರವೊಂದೇ ಅಲ್ಲ. ಬೆಲೆಯಿಲ್ಲದ ಕಬ್ಬಿಣದ ಗಂಧಕವೂ ಕೊಡುತ್ತದೆ, ಪೆನ್ಸಿಲ್ಲಿನ ಗ್ರಾಫೈಟೂ ಕೊಡುತ್ತದೆ.

ಗೆದ್ದವರು ಮತ್ತು ಕಳೆದುಕೊಂಡವರು

ಕೊರೆಯದ ನೆಲದ ಮೇಲೆ ಭರವಸೆಯಿಟ್ಟು ಗೆದ್ದ ಉದಾಹರಣೆಯೂ ನಮ್ಮ ದೇಶದಲ್ಲಿದೆ. ರಾಜಸ್ಥಾನದ ರಾಂಪುರಾ ಅಗೂಚಾದಲ್ಲಿ 1977ರಲ್ಲಿ ಸರ್ಕಾರಿ ಭೂವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು ತುಕ್ಕಿನ ಬಣ್ಣದ ನೆಲ ಮತ್ತು ಹಳೆಯವರ ಕುಳಿಗಳು. ಕೊರೆದು ನೋಡಿದಾಗ ಅದು ಲೋಕದ ಅತಿ ದೊಡ್ಡ ಸತುವಿನ ನಿಕ್ಷೇಪಗಳಲ್ಲಿ ಒಂದಾಯಿತು. ಹುಡುಕಿದ್ದು ಜನರ ಹಣ. ಗಣಿ ಕಟ್ಟಿದ್ದು ಹಿಂದೂಸ್ತಾನ್ ಜಿಂಕ್ ಎಂಬ ಜನರ ಕಂಪನಿ. 2002ರಲ್ಲಿ ಆ ಕಂಪನಿಯ ಆಡಳಿತವನ್ನು ಕೇಂದ್ರ ಸರ್ಕಾರ ಖಾಸಗಿ ಬಂಡವಾಳಿಗರಿಗೆ ಒಪ್ಪಿಸಿತು. ಅಪಾಯದ ಕಾಲದಲ್ಲಿ ಸಾರ್ವಜನಿಕ ಹಣ, ಫಲದ ಕಾಲದಲ್ಲಿ ಖಾಸಗಿ ಒಡೆತನ! ಈ ನ್ಯಾಯವನ್ನು ನಮ್ಮ ಗುಡ್ಡಗಳ ವಿಷಯದಲ್ಲಿಯೂ ಒಪ್ಪಬೇಕೇ ಎಂಬುದನ್ನು ವಾಚಕರು ಯೋಚಿಸಲಿ.

ಕಳೆದುಕೊಂಡವರ ಕತೆ ಇನ್ನೂ ಹಳೆಯದು. 1880ರ ಆಸುಪಾಸಿನಲ್ಲಿ ವೈನಾಡಿನಲ್ಲಿ ಚಿನ್ನವಿದೆಯೆಂಬ ಸುದ್ದಿ ಹಬ್ಬಿ ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಹುಟ್ಟಿದವು. ಷೇರು ಮಾರಿದವರು ಹಣ ಮಾಡಿಕೊಂಡರು. ಷೇರು ಕೊಂಡವರಿಗೆ ಕಾಗದ ಉಳಿಯಿತು. ನಮ್ಮ ಜಿಲ್ಲೆಯದೇ ಆದ ಹೊನ್ನಾಳಿ ಸೀಮೆಯ ಕುದುರೆಕೊಂಡ, ಪಲವನಹಳ್ಳಿಗಳ ಕಡೆಯಲ್ಲಿಯೂ ಚಿನ್ನಕ್ಕಾಗಿ ತೋಡಿದರು. ಕೋಲಾರವಾಗಲಿಲ್ಲ.

ತೀರ ಈಚಿನ ಪಾಠ ಕೆನಡಾ ದೇಶದ್ದು. ಬ್ರೆ-ಎಕ್ಸ್ ಎಂಬ ಸಣ್ಣ ಕಂಪನಿ ಇಂಡೋನೇಷ್ಯಾದ ಬುಸಾಂಗ್ ಎಂಬಲ್ಲಿ ಅಪಾರ ಚಿನ್ನ ಸಿಕ್ಕಿದೆಯೆಂದು ಸಾರಿತು. ಅದರ ಷೇರುಗಳ ಒಟ್ಟು ಬೆಲೆ 600 ಕೋಟಿ ಕೆನಡಾ ಡಾಲರುಗಳನ್ನು ಮೀರಿತು. ಕೂಲಿಯವರು, ಪಿಂಚಣಿದಾರರು, ಸಣ್ಣ ಅಂಗಡಿಕಾರರು ಎಲ್ಲರೂ ಕೊಂಡರು. ಕಂಪನಿ ನೆಲವನ್ನು ಕೊರೆದಿತ್ತು, ನಿಜ. ಆದರೆ ಪದ್ಧತಿಯಂತೆ ಅರ್ಧ ಕಲ್ಲನ್ನು ಉಳಿಸದೆ ಎಲ್ಲವನ್ನೂ ಪುಡಿ ಮಾಡಿತ್ತು. 1997ರಲ್ಲಿ ಬೇರೆಯವರು ಹೋಗಿ ಕೊರೆದು ನೋಡಿದಾಗ ಚಿನ್ನವೇ ಇರಲಿಲ್ಲ. ಪುಡಿಗೆ ಹೊರಗಿನ ಚಿನ್ನ ಬೆರೆಸಲಾಗಿತ್ತೆಂದು ಬಯಲಾಯಿತು. ಅದಾದ ಮೇಲೆ, 2001ರಲ್ಲಿ, ಅರ್ಹ ತಜ್ಞನ ಸಹಿಯಿಲ್ಲದೆ ಗಣಿಯ ಅಂಕಿಗಳನ್ನು ಪ್ರಕಟಿಸಕೂಡದೆಂಬ ಕಟ್ಟುನಿಟ್ಟು ಆ ದೇಶದಲ್ಲಿ ಬಂತು. ಕೊರೆದ ನೆಲದಲ್ಲಿಯೇ ಇಷ್ಟು ಮೋಸ ನಡೆಯಬಹುದಾದರೆ ಕೊರೆಯದ ನೆಲದ ಗತಿಯೇನು?

ಕಾನೂನು ಏನು ಹೇಳುತ್ತದೆ

ಇನ್ನು ಹದಡಿಯ ಹಿರಿಯರ ಮುಖ್ಯ ಪ್ರಶ್ನೆಗೆ ಬರೋಣ. ಜಮೀನು ಕೊಂಡರೆ ಅದರಡಿಯ ತಾಮ್ರವೂ ಬಂತೇ? ಇಲ್ಲ. ಬೇರೆ ರೀತಿಯಾಗಿ ಸ್ಪಷ್ಟವಾಗಿ ಹೇಳಿರುವ ಸಂದರ್ಭಗಳನ್ನು ಬಿಟ್ಟರೆ ಗಣಿ ಖನಿಜಗಳ ಹಕ್ಕು ಸರ್ಕಾರದ್ದೆಂದು ನಮ್ಮ 1964ರ ಭೂಕಂದಾಯ ಕಾಯಿದೆ ಹೇಳುತ್ತದೆ. 1957ರ ಗಣಿ ಮತ್ತು ಖನಿಜ ಕಾಯಿದೆಯ ಪ್ರಕಾರ ಪರವಾನಗಿಯಾಗಲಿ ಗುತ್ತಿಗೆಯಾಗಲಿ ಇಲ್ಲದೆ ಯಾರೂ ತಾಮ್ರವನ್ನು ಶೋಧಿಸುವಂತಿಲ್ಲ, ತೆಗೆಯುವಂತಿಲ್ಲ. 2015ರ ತಿದ್ದುಪಡಿಯ ನಂತರ ಸರ್ಕಾರಿ ಸಂಸ್ಥೆಗಳಿಗೆ ಕಾಯ್ದಿರಿಸಿದ್ದನ್ನು ಬಿಟ್ಟರೆ ಇಂಥ ಗುತ್ತಿಗೆ ಸಿಗುವುದು ಹರಾಜಿನಲ್ಲಿ. ಹೊಲದ ಒಡೆಯನಿಗೆ ಬರತಕ್ಕದ್ದು ಮೇಲ್ಮೈಗೆ ಆದ ನಷ್ಟದ ಪರಿಹಾರ. ಅದನ್ನು ಅದೇ ಕಾಯಿದೆಯ 24ಎ ಕಲಂ ಹೇಳುತ್ತದೆ. ಆದುದರಿಂದ ಹತ್ತು ಜನ ಸೇರಿ ನಾಲ್ಕು ಎಕರೆ ಕೊಂಡರೆ ಅವರಿಗೆ ಸಿಗುವುದು ನಾಲ್ಕು ಎಕರೆ ಖುಷ್ಕಿ ಮಾತ್ರ. ತಾಮ್ರದ ಬೆಲೆಗೆ ಕಲ್ಲುಭೂಮಿಯನ್ನು ಕೊಂಡಂತಾಗುತ್ತದೆ. ಇದನ್ನು ಮಧ್ಯವರ್ತಿ ಹೇಳಿರುವುದಿಲ್ಲ. ಹೇಳಿದರೆ ಅವನ ಹೊಟ್ಟೆ ತುಂಬುವುದಿಲ್ಲ.

ಆದರೆ ತಪ್ಪೆಲ್ಲ ಮಧ್ಯವರ್ತಿಯ ಮೇಲೆ ಹೊರಿಸಿ ಸರ್ಕಾರವನ್ನು ನಾವು ಬಿಡಲಾರೆವು. ಕೇಂದ್ರ ಸರ್ಕಾರ 2023ರಲ್ಲಿ 30 ನಿರ್ಣಾಯಕ ಖನಿಜಗಳ ಪಟ್ಟಿಯನ್ನು ಹೊರಡಿಸಿತು; ಅದರಲ್ಲಿ ತಾಮ್ರವಿದೆ. ವಿದ್ಯುತ್ ತಂತಿ, ಮೋಟಾರು, ಬ್ಯಾಟರಿ ಗಾಡಿಗಳಿಗೆಲ್ಲ ತಾಮ್ರ ಬೇಕು, ದೇಶ ಹೊರಗಿನಿಂದ ತರಿಸುತ್ತಿದೆ, ಇಲ್ಲಿಯೇ ಹುಡುಕಬೇಕು ಎಂಬುದು ಸರಿಯಾದ ಮಾತು. ಅದೇ ವರ್ಷ ಕಾಯಿದೆಗೆ ಇನ್ನೊಂದು ತಿದ್ದುಪಡಿ ಬಂದು, ತಾಮ್ರ, ಸೀಸ, ಸತು, ಚಿನ್ನ ಮೊದಲಾದ 29 ಖನಿಜಗಳಿಗೆ ಶೋಧನಾ ಪರವಾನಗಿ ಎಂಬ ಹೊಸ ವ್ಯವಸ್ಥೆಯಾಯಿತು. ಖಾಸಗಿ ಕಂಪನಿ ಹುಡುಕಿ ಕೊಡುತ್ತದೆ. ಮುಂದೆ ಗಣಿ ಹರಾಜಾದಾಗ ಗುತ್ತಿಗೆದಾರ ಸರ್ಕಾರಕ್ಕೆ ಕೊಡುವ ಹಣದಲ್ಲಿ ಹುಡುಕಿದವನಿಗೆ ಒಂದು ಪಾಲು. ಒಂದೊಂದು ಪರವಾನಗಿ 1,000 ಚದರ ಕಿಲೋಮೀಟರಿನವರೆಗೆ ಇರಬಹುದು. ಎಷ್ಟೋ ಹಳ್ಳಿಗಳು ಒಂದೇ ನಕ್ಷೆಯೊಳಗೆ ಬೀಳುವಷ್ಟು ನೆಲ ಅದು.

ಇದಕ್ಕೂ ಮುಂಚೆ, 2021ರಿಂದಲೇ, ಮೇಲ್ಮೈಯ ಪ್ರಾಥಮಿಕ ಹಂತದ ಸಮೀಕ್ಷೆಯಷ್ಟೇ ಆದ ನೆಲವನ್ನೂ ಸಂಯುಕ್ತ ಪರವಾನಗಿಗಾಗಿ ಹರಾಜಿಗಿಡಲು ನಿಯಮ ಸಡಿಲಿಸಲಾಗಿದೆ. ಅಂದರೆ ಚೀಲಕ್ಕೆ ಚುಚ್ಚದೆ ಬಾಯಿ ನೋಡಿಯೇ ಸವಾಲು ಕೂಗುವ ಪದ್ಧತಿ. ಇದರಿಂದ ಏನಾಗುತ್ತದೆಂದು ನಮ್ಮ ವರ್ತಕರೇ ಹೇಳಬಲ್ಲರು. ಚೀಲದೊಳಗೆ ಒಳ್ಳೆಯ ಕಾಳಿದ್ದರೆ ಮಾರಿದವನಿಗೆ ನಷ್ಟ. ಇಲ್ಲಿ ಮಾರಿದವನು ಸರ್ಕಾರ, ಅಂದರೆ ನಾವು. ಹೊಟ್ಟಿದ್ದರೆ ಕೊಂಡವನು ಕೈಬಿಟ್ಟು ಹೋಗುತ್ತಾನೆ, ಊರಿನಲ್ಲಿ ವರ್ಷಗಟ್ಟಲೆ ವದಂತಿ ಉಳಿಯುತ್ತದೆ, ವದಂತಿಯ ಮೇಲೆ ಮಧ್ಯವರ್ತಿಗಳು ಬಾಳುತ್ತಾರೆ. ಶೋಧನೆಯ ಖರ್ಚಿಗೆಂದು ಗುತ್ತಿಗೆದಾರರ ರಾಜಧನದ ಒಂದು ಪಾಲನ್ನು ಕೂಡಿಸುವ ರಾಷ್ಟ್ರೀಯ ಖನಿಜ ಶೋಧನಾ ಟ್ರಸ್ಟನ್ನು 2015ರಲ್ಲಿಯೇ ಸ್ಥಾಪಿಸಲಾಯಿತು. ಆ ಹಣದಿಂದ ಮೊದಲು ಕೊರೆದು, ಆಮೇಲೆ ಬೆಲೆ ಕಟ್ಟುವುದಕ್ಕೆ ಏನಡ್ಡಿ?

ನೀರಿನ ಮಾತು

ತಾಮ್ರ ಸಿಕ್ಕಿಯೇ ಸಿಕ್ಕಿತೆನ್ನೋಣ. ಆಗಲೂ ಒಂದು ಮಾತನ್ನು ಮೊದಲೇ ಆಡಿ ಮುಗಿಸಬೇಕು. ಗಂಧಕದ ಅದಿರನ್ನು ಹೊರತೆಗೆದು ರಾಶಿ ಹಾಕಿದರೆ, ಗಾಳಿ ನೀರು ತಗುಲಿ ಗಂಧಕಾಮ್ಲವಾಗುತ್ತದೆ. ಆ ಆಮ್ಲ ಲೋಹಗಳನ್ನು ಕರಗಿಸಿಕೊಂಡು ಹಳ್ಳಕ್ಕೂ ಬಾವಿಗೂ ಇಳಿಯುತ್ತದೆ. ಗಣಿ ಮುಚ್ಚಿ ದಶಕಗಳಾದರೂ ಈ ಸೋರಿಕೆ ನಿಲ್ಲದಿರುವ ಊರುಗಳು ಲೋಕದಲ್ಲಿ ಬೇಕಾದಷ್ಟಿವೆ. ತಮಿಳುನಾಡಿನ ತೂತ್ತುಕುಡಿಯಲ್ಲಿ ತಾಮ್ರ ಕರಗಿಸುವ ಕಾರ್ಖಾನೆಯ ವಿರುದ್ಧ ಎದ್ದ ಜನರ ಮೇಲೆ 2018ರ ಮೇ ತಿಂಗಳಿನಲ್ಲಿ ಗುಂಡು ಹಾರಿ 13 ಮಂದಿ ಸತ್ತದ್ದನ್ನು ನಾವು ಮರೆತಿಲ್ಲ. ತುಂಗಭದ್ರೆಯ ನೀರು ಕೆಟ್ಟರೆ ಏನಾಗುತ್ತದೆಂದು ಹರಿಹರದವರಿಗೆ ವಿವರಿಸಬೇಕಾಗಿಲ್ಲ. ಆದುದರಿಂದ ಕೊರೆಯುವ ಯಂತ್ರ ಊರಿಗೆ ಬರುವ ಮುಂಚೆಯೇ ಸುತ್ತಲ ಬಾವಿಗಳ, ಕೆರೆಗಳ ನೀರನ್ನು ಪರೀಕ್ಷಿಸಿ ಬರೆದಿಡಬೇಕು. ಇಂದು ನೀರು ಹೇಗಿತ್ತೆಂಬ ದಾಖಲೆಯಿಲ್ಲದಿದ್ದರೆ ನಾಳೆ ಕೆಟ್ಟಿತೆಂದು ಸಾಧಿಸುವುದು ಹೇಗೆ?

ಕಬ್ಬಿಣದ ಅದಿರಿನ ಕಾಲದಲ್ಲಿ ನಡೆದದ್ದೂ ಕಣ್ಣ ಮುಂದಿದೆ. ಲೂಟಿ ಎಷ್ಟು ಮಿತಿಮೀರಿತೆಂದರೆ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಮೊದಲು ಬಳ್ಳಾರಿಯ, ಆಮೇಲೆ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನು ನಿಲ್ಲಿಸಬೇಕಾಯಿತು. ಲಾಭ ಮಾಡಿಕೊಂಡವರು ಕೆಲವರು. ಗಣಿ ನಿಂತಾಗ ಮನೆಗೆ ಹೋದವರು ಕೂಲಿಯವರು, ಲಾರಿಯ ಕ್ಲೀನರುಗಳು, ರಸ್ತೆಬದಿಯ ಹೋಟೆಲಿನವರು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದಾಗಲೂ ಬೀದಿಗೆ ಬಂದವರು ದುಡಿಯುವವರೇ. ಗಿರಣಿಗಳ ಸಿಳ್ಳು ಒಂದೊಂದಾಗಿ ನಿಂತುಹೋದದ್ದನ್ನು ಕಂಡ ದಾವಣಗೆರೆಯ ಕಾರ್ಮಿಕರಿಗೆ ಇದರ ಅರ್ಥ ಬೇರೆಯವರಿಗಿಂತ ಚೆನ್ನಾಗಿ ತಿಳಿಯುತ್ತದೆ. ಗಣಿ ಎಂಬುದು ಹೊಲದಂತೆ ವರ್ಷ ವರ್ಷ ಬೆಳೆ ಕೊಡುವುದಲ್ಲ. ಒಮ್ಮೆ ತೆಗೆದದ್ದು ಮತ್ತೆ ಬರುವುದಿಲ್ಲ. ಆದುದರಿಂದ ತೆಗೆಯುವ ಮುಂಚೆಯೇ, ಮುಚ್ಚುವ ದಿನದ ವ್ಯವಸ್ಥೆಯನ್ನು ಬರೆಸಿಕೊಳ್ಳುವುದು ಜಾಣತನ.

ನಾವು ಕೇಳುವುದು

ಗುಡ್ಡಗಳನ್ನು ಮುಟ್ಟಲೇಬೇಡಿ ಎನ್ನುವವರು ನಾವಲ್ಲ. ನೆಲದಡಿಯ ಸಂಪತ್ತು ನಾಡಿನ ಸಂಪತ್ತು. ಅದು ಇದೆಯೇ, ಎಷ್ಟಿದೆ ಎಂಬುದನ್ನು ತಿಳಿಯುವುದು ನಾಡಿನ ಹಕ್ಕು. ಹುಡುಕಲಿ, ಚೆನ್ನಾಗಿ ಹುಡುಕಲಿ. ಆದರೆ ನಮ್ಮ ಬೇಡಿಕೆಗಳು ಇವು.

ಮೊದಲನೆಯದು, ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಗುಡ್ಡಗಳಲ್ಲಿ ಇಲ್ಲಿಯವರೆಗೆ ಎಲ್ಲೆಲ್ಲಿ ಕೊರೆದಿದ್ದಾರೆ, ಏನು ಸಿಕ್ಕಿದೆ, ಎಲ್ಲಿ ಏನೂ ಸಿಗಲಿಲ್ಲ ಎಂಬುದನ್ನು ಸರ್ಕಾರ ಕನ್ನಡದಲ್ಲಿ ಅಚ್ಚು ಮಾಡಿಸಿ ತಾಲ್ಲೂಕು ಕಚೇರಿಗಳಲ್ಲಿಯೂ ಗ್ರಾಮ ಪಂಚಾಯತಿಗಳಲ್ಲಿಯೂ ಇಡಬೇಕು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಭೂವೈಜ್ಞಾನಿಕ ಮಾಹಿತಿಯ ರಾಷ್ಟ್ರೀಯ ಭಂಡಾರವೊಂದನ್ನು ಗಣಕಯಂತ್ರದಲ್ಲಿ ತೆರೆದಿದೆ. ಕಂಪನಿಗಳಿಗೆ ಅದು ಸಾಕು. ಹದಡಿಯ ರೈತನಿಗೆ ಸಾಲದು. ಏನೂ ಸಿಗಲಿಲ್ಲ ಎಂಬ ವರದಿಯೂ ಅಷ್ಟೇ ಮುಖ್ಯ. ಅದೊಂದು ಹಾಳೆ ಪಂಚಾಯತಿಯ ಗೋಡೆಯ ಮೇಲಿದ್ದರೆ ಎಷ್ಟು ಮಧ್ಯವರ್ತಿಗಳ ಬಾಯಿ ಮುಚ್ಚುತ್ತಿತ್ತು!

ಎರಡನೆಯದು, ಮೊದಲು ಕೊರೆಯಲಿ, ಆಮೇಲೆ ಹರಾಜು ಹಾಕಲಿ. ಕೊರೆದ ಕಲ್ಲಿನ ಅರ್ಧವನ್ನು ರಾಜ್ಯದ ಇಲಾಖೆಯ ಉಗ್ರಾಣದಲ್ಲಿ ಜೋಪಾನವಾಗಿಡಲಿ.

ಮೂರನೆಯದು, ಯಾರ ಹೊಲದಲ್ಲಿ ಕೊರೆಯುತ್ತಾರೋ ಅವರಿಗೂ ಗ್ರಾಮಸಭೆಗೂ ಮುಂಚಿತವಾಗಿ ತಿಳಿಸಲಿ. ಬೆಳೆನಷ್ಟವನ್ನು ಯಂತ್ರ ಹೊರಡುವ ಮುಂಚೆ ಕೊಡಲಿ, ತೂತುಗಳನ್ನು ಭದ್ರವಾಗಿ ಮುಚ್ಚಲಿ, ಬಾವಿಗಳ ನೀರಿನ ದಾಖಲೆ ಮಾಡಲಿ.

ನಾಲ್ಕನೆಯದು, ಗಣಿಯಾದರೆ ಸ್ಥಳೀಯ ಯುವಕರಿಗೆ ಗುತ್ತಿಗೆಯ ಕೂಲಿಯಲ್ಲ, ಕಾಯಂ ಕೆಲಸ ಸಿಗಲಿ. 2015ರ ಕಾಯಿದೆಯಂತೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹರಾಜಿನ ಗಣಿಗಳಿಂದ ರಾಜಧನದ ಶೇಕಡಾ 10ರಷ್ಟು ಬರುತ್ತದೆ. ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗೆ ಇದೆಯೆಂದು 2024ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಾಧೀಶರ ಪೀಠ ತೀರ್ಪಿತ್ತಿದೆ. ಆ ಹಣ ಧೂಳು ಕುಡಿದ ಊರಿನ ಶಾಲೆಗೂ ಆಸ್ಪತ್ರೆಗೂ ಬರುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸ.

ವರ್ತಕ ಮಿತ್ರರಿಗೂ ಗಿರಣಿಯ ಸಂಗಾತಿಗಳಿಗೂ ನಮ್ಮ ವಿನಂತಿ ಇಷ್ಟೇ. ಗುಡ್ಡದ ಹೆಸರಿನಲ್ಲಿ ಯಾರಾದರೂ ಹಣ ಕೇಳಲು ಬಂದರೆ ಮೂರು ಪ್ರಶ್ನೆ ಕೇಳಿ. ಸರ್ಕಾರದ ಪರವಾನಗಿ ಎಲ್ಲಿದೆ? ಎಷ್ಟು ತೂತು ಕೊರೆದಿದ್ದೀರಿ? ಕೊರೆದ ಕಲ್ಲಿನ ಉಳಿದರ್ಧ ಎಲ್ಲಿದೆ? ಈ ಮೂರಕ್ಕೂ ಉತ್ತರ ಬಾರದಿದ್ದರೆ ಅವರಿಗೆ ಒಂದು ಲೋಟ ಚಹಾ ಕುಡಿಸಿ ಕಳುಹಿಸಿಬಿಡಿ. ನಿಮಗಾಗುವ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ.

ಹದಡಿಯ ಹಿರಿಯರಿಗೆ ನಮ್ಮ ಉತ್ತರ ಇದು. ಯಜಮಾನರೇ, ನಿಮ್ಮ ಕಲ್ಲನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ತೆಗೆದುಕೊಂಡು ಹೋಗಿ. ನಾವೂ ಜೊತೆಗೆ ಬರುತ್ತೇವೆ. ಅದು ತಾಮ್ರವೇ ಆಗಿರಬಹುದು. ಆಗಿದ್ದರೂ ಅದು ಚೀಲದ ಬಾಯಿಯ ಒಂದು ಕಾಳು ಮಾತ್ರ. ನಿಮ್ಮ ಬೀಗರು ಜಮೀನನ್ನು ಮಾರದಿರಲಿ. ನೀವು ಅಡಿಕೆಯ ಹಣವನ್ನು ಮನೆಯಲ್ಲಿಯೇ ಇಟ್ಟುಕೊಳ್ಳಿ. ಕೋಟ್ಯಂತರ ವರ್ಷ ಕಾದ ಗುಡ್ಡ ಇನ್ನೂ ನಾಲ್ಕು ವರ್ಷ ಕಾಯುತ್ತದೆ. ಅವಸರವಿರುವುದು ಗುಡ್ಡಕ್ಕಲ್ಲ, ಕಾರಿನಲ್ಲಿ ಬಂದವನಿಗೆ.